ನೀಲವ್ವಾಯಿಯ ಮಾಳಿಗೆ

ನೀಲವ್ವಾಯಿ ಊರಿನ ಜೊತೆ ಮಾತನಾಡುತ್ತಿದ್ದುದು ಮನೆಯ ಮಣ್ಣಿನ ಮಾಳಿಗೆಯ ಮೇಲಿಂದಲೇ. ಮೆಣಸಿನಕಾಯಿ ಒಣಹಾಕುವುದು, ಶಾವಿಗೆ ಹೊಸೆಯುವುದು, ಎಲೆಯಡಿಕೆ ಹಾಕುವುದು, ಜಗಳ ಕಾಯುವುದು ಎಲ್ಲ ಅಲ್ಲೇ. ಓಣಿಯಲ್ಲಿ ಹೋಗುವವರು ತಲೆಯೆತ್ತಿ ಮಾತಾಡಿಸಿಯೇ ಮುಂದೆ ಹೋಗಬೇಕು. ಸುಮ್ಮನೆ ಹೋದಿರೋ, "ಯಾಕೋ, ಕುತಗಿ ಹಿಡಕೊಂಡೈತೇನ?" ಎಂಬ ಮಾತು ಮೇಲಿಂದ ನೆತ್ತಿಯ ಮೇಲೆ ಬೀಳುತ್ತಿತ್ತು.

ಎಪ್ಪತ್ತರ ದಶಕದ ಒಂದು ಬೇಸಿಗೆ. ಹೂವಿನ ಹಿಪ್ಪರಗಿಯಲ್ಲಿ ಬಸ್ಸಿಳಿದು, ಅಲ್ಲಿಂದ ಎತ್ತಿನ ಗಾಡಿ ಹತ್ತಬೇಕಾದ ಊರು ಅದು. ಊರ ಮಗ್ಗುಲಿನ ಹಾಳುದಿಬ್ಬವನ್ನು ನಮ್ಮ ತಂಡ ಅಗೆಯುತ್ತಿತ್ತು. ನಾನು ನಕಾಶೆ ಬರೆಯುವವ. ಆಯಿಯ ಮನೆಯ ಪಡಸಾಲೆಯಲ್ಲಿ ನಾನು ಮಲಗುವ ಹೊರಸು. ದಿಬ್ಬದ ತಳದಲ್ಲಿ ದನಗಾಹಿಗಳ ಬೂದಿ, ಅದರ ಮೇಲೆ ಕಬ್ಬಿಣ ಕಂಡವರ ಮಡಕೆಚೂರು, ಅದರ ಮೇಲೆ ಶಾತವಾಹನರ ಕಾಲದ ಇಟ್ಟಿಗೆ. ಒಂದು ಊರಿನ ಮೇಲೊಂದು ಊರು ಕೂತಿತ್ತು. ಆದರೆ ಎಲ್ಲಕ್ಕೂ ಮೇಲಿರಬೇಕಾದ, ಕಲ್ಯಾಣದ ಅರಸರ ಕಾಲದ ಪದರವೇ ನಾಪತ್ತೆ! ಮೈಸೂರು ಕಡೆಯ ನಮ್ಮ ಸಾಹೇಬರಿಗೆ ಅದೇ ಚಿಂತೆ. ಊಟ ಸೇರುತ್ತಿರಲಿಲ್ಲ.

ಒಂದು ದಿನ ಆಯಿ ತಲೆಯ ಮೇಲೆ ಮಣ್ಣು ತುಂಬುವ ಪುಟ್ಟಿ ಹೊತ್ತು ದಿಬ್ಬಕ್ಕೆ ಬಂದಳು. ನಮ್ಮ ತಂತಿಬೇಲಿಯನ್ನು ಕಂಡದ್ದೇ ಸಿಟ್ಟು ನೆತ್ತಿಗೇರಿತು.

"ಅಮ್ಮಾ, ಈ ಮಣ್ಣು ಮುಟ್ಟಬಾರದು ಕಣಮ್ಮ. ಇದು ಇತಿಹಾಸ" ಎಂದರು ಸಾಹೇಬರು.

"ಇತಿಹಾಸ ನಿಮ್ಮದ ಇರ್ಲಿ ಸಾಯೇಬ್ರ, ಮಾಳಗಿ ನಂದೈತಿ. ಮುಂಗಾರಿ ಮಿರಗದ ಮಳಿಗಿಂತ ಮೊದ್ಲ ಈ ಉಪ್ಪುಮಣ್ಣ ಹಾಕಲಿಲ್ಲಂದ್ರ ಸೋರತೈತಿ. ನಮ್ಮತ್ತಿ, ಅವರತ್ತಿ, ಎಲ್ಲಾರೂ ವರ್ಷಾ ಇಲ್ಲಿಂದನ ಒಯ್ದಾರ."

ಸಾಹೇಬರು ದಿಬ್ಬದ ನೆತ್ತಿಯನ್ನೊಮ್ಮೆ, ಅವಳ ಪುಟ್ಟಿಯನ್ನೊಮ್ಮೆ ನೋಡಿದರು. ಆಮೇಲೆ ಏಕಾಏಕಿ ಓಡತೊಡಗಿದರು. ಆಯಿಯ ಮನೆಯ ನಿಚ್ಚಣಿಕೆ ಹತ್ತಿ, ಮಾಳಿಗೆಯ ಮೇಲೆ ಮಂಡಿಯೂರಿ ಕೂತು, "ಸಿಕ್ತು ಕಣಯ್ಯಾ!" ಎಂದು ನನ್ನನ್ನು ಕೂಗಿದರು. ದಿಬ್ಬದ ನೆತ್ತಿಯ ಮಣ್ಣು ಮೊದಲು ಮಾಳಿಗೆಗೆ ಹೋಗಿದೆ, ಅದರ ಕೆಳಗಿನದು ಆಮೇಲೆ ಹೋಗಿದೆ. ಅಂದರೆ ಈ ಮಾಳಿಗೆಯಲ್ಲಿ ಇತಿಹಾಸ ತಲೆಕೆಳಗಾಗಿ ಮಲಗಿದೆ ಎಂದು ವಿವರಿಸಿದರು. ಇನ್ನು ದಿಬ್ಬ ಸಾಕು, ಮಾಳಿಗೆಯನ್ನೇ ಅಗೆಯೋಣ ಎಂದರು!

ಆಯಿ ಒಪ್ಪಿದ್ದು ಒಂದೇ ಕರಾರಿನ ಮೇಲೆ. "ಮಿರಗಕ್ಕಿಂತ ಮೊದ್ಲ ಮುಚ್ಚಿಕೊಡಬೇಕು, ಅದೂ ದಿಬ್ಬದ ಮಣ್ಣೀಲೆ. ಒಂದ ಹನಿ ಸೋರಿದ್ರ ನಿಮ್ಮ ಬಾಯಾಗ ಮಣ್ಣ ಹಾಕತೇನಿ." ಸಾಹೇಬರು ಚಾಮುಂಡಿಯ ಮೇಲೆ ಆಣೆ ಮಾಡಿದರು.

ಅಬ್ಬಬ್ಬಾ, ಆ ವೈಭವ! ಮಾಳಿಗೆಯ ಮೇಲೆ ಗೂಟ, ದಾರ, ಚೀಟಿ. ಸಾಹೇಬರು ದೊಡ್ಡ ಟೋಪಿ ಹಾಕಿಕೊಂಡು ಕುಂಚದಿಂದ ಮಣ್ಣು ಸರಿಸುತ್ತಿದ್ದರು. ಕೆಳಗೆ ನನ್ನ ಚಹಾದ ಬಟ್ಟಲಿಗೆ ಶಾತವಾಹನರು ಉದುರುತ್ತಿದ್ದರು. ನೋಡಲು ಊರೆಲ್ಲ ಅಕ್ಕಪಕ್ಕದ ಮಾಳಿಗೆಗಳನ್ನು ಹತ್ತಿ ಕೂತಿತ್ತು. ಪಕ್ಕದ ಮನೆಯ ಹುಸೇನಸಾಬ, "ಸಾಹೇಬ್ರ, ನಮ್ಮ ಮಾಳಗೀನೂ ಒಂದೀಟ ಅಗದ ನೋಡ್ರಿ. ಮೂಲ್ಯಾಗ ಬಾಳ ಸೋರತೈತ್ರಿ" ಎಂದು ದಿನಾಲೂ ಕೇಳುತ್ತಿದ್ದ. ಇದು ಮಾಳಿಗೆ ರಿಪೇರಿಯ ಸರಕಾರಿ ಯೋಜನೆಯೆಂದೇ ಅವನು ನಂಬಿದ್ದ.

ಮೋಡ ಕಟ್ಟತೊಡಗಿದ ಒಂದು ಮಧ್ಯಾಹ್ನ ಕುಂಚದ ಕೆಳಗೆ ಹೆಜ್ಜೆಗಳು ಮೂಡಿದವು. ಹಸಿ ಮಣ್ಣಿನಲ್ಲಿ ಒತ್ತಿ ತುಳಿದು, ಆಮೇಲೆ ಒಣಗಿ ಗಟ್ಟಿಯಾದ ಎರಡು ಹೆಜ್ಜೆ. ಎಡಗಾಲಿಗೆ ಹೆಬ್ಬೆರಳಿಲ್ಲ. ಸಾಹೇಬರು ಕುಣಿದಾಡಿದರು. ಕಲ್ಯಾಣದ ಕಾಲದ ಮನುಷ್ಯ, ಇವನನ್ನು ಹಾಗೇ ಕತ್ತರಿಸಿ ಒಯ್ಯಬೇಕು ಎಂದರು.

ಆಯಿ ಮೆಣಸಿನಕಾಯಿಯ ಮೊರ ಬಿಟ್ಟು ಬಂದಳು. ನೋಡಿದಳು. "ಬಾಜೂ ಸರೀರಿ" ಎಂದು ಅಲ್ಲೇ ಕುಸಿದು ಕೂತಳು.

"ಇವು ನಮ್ಮವರ ಹೆಜ್ಜಿ. ಹೆಬ್ಬಟ್ಟ ಕೊಡ್ಲಿಗಿ ಹೋಗಿತ್ತು. ಜಡಿಮಳಿ ಹಿಡದಾಗ ಇಲ್ಲೇ ಸೋರಾಕತ್ತಿತ್ತು, ಮ್ಯಾಲ ಹತ್ತಿ ಮಣ್ಣ ತುಳದ್ರು. ತೊಯ್ಸಿಕೊಂಡ ಜ್ವರಾ ಬಂತು. ಏಳಲೇ ಇಲ್ಲ."

ಮರುವರ್ಷ ಗಂಡ ತುಳಿದಲ್ಲೇ ಹೊಸ ಮಣ್ಣು ಸುರಿದವಳು ಆಯಿಯೇ. ಹೆಜ್ಜೆ ಉಳಿದಿದೆಯೆಂದು ಅವಳಿಗೂ ಗೊತ್ತಿರಲಿಲ್ಲ.

ಅಲ್ಲಿಂದ ಎಲ್ಲ ಉಲ್ಟಾ ಆಯಿತು. ಗುಡುಗು ಶುರುವಾಯಿತು. ಈಗ ಮುಚ್ಚೋಣವೆಂದು ಗೋಗರೆಯುವವರು ಸಾಹೇಬರು, ಬೇಡವೆನ್ನುವವಳು ಆಯಿ! "ಯಾರ ಮುಟ್ಟತೀರಿ ನೋಡತೇನಿ" ಎಂದು ಕುಣಿಯ ಮೇಲೆ ಗೋಣಿಚೀಲ ಹಿಡಿದು ಕೂತುಬಿಟ್ಟಳು. ಮಾಳಿಗೆ ಕುಸಿದೀತೆಂದು ನಾನು ಕೆಳಗಿಳಿದು ನನ್ನ ಹೊರಸನ್ನು ಅಂಗಳಕ್ಕೆ ಎಳೆದಿಟ್ಟು ಮತ್ತೆ ಮೇಲೆ ಬಂದೆ.

"ಆಯಿ, ಮನಿ ಬೀಳತೈತಿ" ಎಂದು ಹುಸೇನಸಾಬ ತನ್ನ ಮಾಳಿಗೆಯಿಂದ ಕೂಗಿದ.

"ಬೀಳ್ಲಿ. ಮನಿ ಮತ್ತ ಕಟ್ಟಬಹುದು."

ಅಷ್ಟರಲ್ಲಿ ದಪ್ಪ ಹನಿಯೊಂದು ಗೋಣಿಯ ಸಂದಿನಿಂದ ಜಾರಿ ಬಲಗಾಲಿನ ಹಿಮ್ಮಡಿಯ ಮೇಲೆ ಬಿತ್ತು. ಮಣ್ಣು ಮೆತ್ತಗಾಗಿ ಅಂಚು ಚೂರು ಕರಗಿತು. ಆಯಿ ಅದನ್ನೇ ನೋಡಿದಳು. ನಾನು ಮುಖ ತಿರುಗಿಸಿದೆ.

"ಮಣ್ಣ ತರ್ರಿ" ಎಂದಳು.

ಸಾಹೇಬರೇ ಓಡಿದರು. ತಾವೇ ಹಾಕಿಸಿದ ಬೇಲಿ ಹಾರಿ, ತಾವೇ ಮುಟ್ಟಬಾರದೆಂದಿದ್ದ ಮಣ್ಣನ್ನು ಪುಟ್ಟಿ ತುಂಬಿ ತಲೆಯ ಮೇಲೆ ಹೊತ್ತು ತಂದರು. ಹೆಜ್ಜೆಗಳ ಅಳತೆ ನಾನು ಹಿಡಿಯಲಿಲ್ಲ, ಅವರೂ ಹೇಳಲಿಲ್ಲ.

ಆ ಮಳೆಗೆ ಕೆಲಸ ನಿಂತು, ಮರುದಿನವೇ ನಮ್ಮ ತಂಡ ಊರು ಬಿಟ್ಟಿತು. ಮತ್ತೆ ನಾನು ಆ ಕಡೆ ಹೋಗುವಷ್ಟರಲ್ಲಿ ನೀಲವ್ವಾಯಿ ಇರಲಿಲ್ಲ. ನನ್ನ ಕಣ್ಣಿಗೆ ಕಟ್ಟಿರುವುದು ಅವತ್ತಿನ ಆಯಿಯೇ. ಪುಟ್ಟಿಯ ಮಣ್ಣನ್ನು ಅವಳು ಸುರಿಯಲಿಲ್ಲ. ಬೊಗಸೆ ಬೊಗಸೆಯಾಗಿ, ಬೆರಳುಗಳ ಕಡೆಯಿಂದ ಮೆಲ್ಲಗೆ ಮುಚ್ಚುತ್ತಾ ಬಂದಳು. ಊರಿಗೆಲ್ಲ ಕೇಳುವ ಆ ಗಂಟಲು ಆಗ ನನ್ನ ಹೊರತು ಯಾರಿಗೂ ಕೇಳಿಸಿರಲಿಕ್ಕಿಲ್ಲ.

"ಹೊಚ್ಚಿಕೊಳ್ರಿ" ಎಂದಳು, "ಮಳಿ ಬಂತು."