ಎಲೆ ತಟ್ಟೆಯಿಂದ ಇಳಿದ ನೌಕಾಪಡೆ

ನನ್ನನ್ನು ನೋಡಲು ಟಿ. ನರಸೀಪುರದಿಂದ ಗಂಡಿನ ಕಡೆಯವರು ಬಂದ ದಿನ ಹುಲ್ಲಹಳ್ಳಿಯ ನಮ್ಮ ಪಡಸಾಲೆಯಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧವಾಯಿತು. ಸಮುದ್ರ ಇಲ್ಲಿಂದ ಎಷ್ಟು ದೂರ ಎಂದು ನನ್ನನ್ನು ಕೇಳಬೇಡಿ. ನಮ್ಮೂರಲ್ಲಿರುವುದು ನಾಲೆ. ಅದರಲ್ಲಿ ತೇಲುವುದು ಎಮ್ಮೆ.

ಅಕ್ಕನ ಮದುವೆಯನ್ನು ಅವಳನ್ನು ಒಂದು ಮಾತೂ ಕೇಳದೆ ಗೊತ್ತುಮಾಡಿದ್ದರು. ಆ ಸಿಟ್ಟು ನನಗಿನ್ನೂ ಆರಿರಲಿಲ್ಲ. ಒಪ್ಪುವುದೋ ಬಿಡುವುದೋ ನಾನೇ ಹೇಳುತ್ತೇನೆ ಎಂದು ಹಿಂದಿನ ದಿನವೇ ಅಪ್ಪನಿಂದ ಮಾತು ತೆಗೆದುಕೊಂಡಿದ್ದೆ. ಹುಡುಗನ ಮುಖವೇನೋ ಪರವಾಗಿಲ್ಲ ಅನ್ನಿಸಿತ್ತು. ಗುಣ ತಿಳಿಯಬೇಕಿತ್ತು.

ಅಪ್ಪ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದವರು. ಹುಡುಗನ ಅಪ್ಪ ತಾಲ್ಲೂಕು ಕಚೇರಿಯಲ್ಲಿದ್ದವರು, ಚರಿತ್ರೆ ಓದುವುದು ಅವರ ಚಟ. ಉಪ್ಪಿಟ್ಟು ಮುಗಿಯುವಷ್ಟರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಪತ್ತೆಹಚ್ಚಿಬಿಟ್ಟರು.

"ನಮ್ಮ ಮೈಸೂರಿನೋರು ಫ್ರೆಂಚರನ್ನ ನಂಬಿ ಕೆಟ್ರು ಸಾ. ಕಡಲ ಮೇಲೆ ಇಂಗ್ಲಿಷರದ್ದೇ ಬಲ" ಎಂದರು ಹುಡುಗನ ಅಪ್ಪ.

"ಯಾರು ಹೇಳಿದ್ದು? ಹಡಗು ಕಟ್ಟೋದ್ರಲ್ಲಿ ಫ್ರೆಂಚರ ಮುಂದೆ ಇವರು ಏನೇನೂ ಅಲ್ಲ" ಎಂದರು ಅಪ್ಪ.

ಬಾಯಿಮಾತಿಗೆ ಇಬ್ಬರೂ ಬಗ್ಗಲಿಲ್ಲ. ಹುಡುಗನ ಅಪ್ಪ ತಾವು ತಂದಿದ್ದ ಎಲೆ ಅಡಿಕೆ ತಟ್ಟೆ ಎಳೆದುಕೊಂಡು, ವೀಳ್ಯದೆಲೆಗಳನ್ನು ಇಂಗ್ಲಿಷರ ಹಡಗುಗಳೆಂದು ಚಾಪೆಯ ಮೇಲೆ ಸಾಲಾಗಿ ಬಿಟ್ಟರು. ಒಂದೊಂದರ ಮೇಲೂ ಅಡಿಕೆ ಚೂರು, ಅವು ಫಿರಂಗಿ. ಅಪ್ಪ ನಮ್ಮ ತಟ್ಟೆಯಿಂದ ಫ್ರೆಂಚರ ಪಡೆ ಇಳಿಸಿದರು. ಚಾಪೆಯ ಅಂಚು ಮದ್ರಾಸಿನ ಕರಾವಳಿಯಾಯಿತು, ರಸಬಾಳೆ ಹಣ್ಣು ಸಿಂಹಳವಾಯಿತು, ಸುಣ್ಣದ ಡಬ್ಬಿ ಬೊಂಬಾಯಿ.

"ಇಂಗ್ಲಿಷರಿಗೆ ರಿಪೇರಿಗೆ ಬೊಂಬಾಯಿ ಇತ್ತು. ನಿಮ್ಮೋರ ಹಡಗು ಕೆಟ್ರೆ ಎಲ್ಲಿಗೆ ಹೋಗ್ಬೇಕು?"

"ಸಿಂಹಳದ ಬಂದರು ಹಿಡಿದೋರು ಯಾರು ಮತ್ತೆ?" ಎನ್ನುತ್ತ ಅಪ್ಪ ಬಾಳೆಹಣ್ಣನ್ನು ತಮ್ಮ ಕಡೆಗೆ ಎಳೆದುಕೊಂಡರು.

ಮೊಬೈಲಿನಲ್ಲಿ ನೋಡಿ ಹೇಳುತ್ತೇನೆ ಎಂದ ಹುಡುಗನನ್ನು ಇಬ್ಬರೂ ಒಟ್ಟಿಗೆ ಗದರಿದರು.

"ನೀವು ಸಮುದ್ರ ನೋಡಿದ್ದೀರಾ?" ಎಂದು ಅವನ ಅಪ್ಪ ಕೇಳಿದರು.

"ನೀವು?"

"ಮಂಗಳೂರಲ್ಲಿ. ಬಸ್ಸಿನ ಕಿಟಕಿಯಿಂದ."

ಅಪ್ಪನ ಮುಖ ಸಪ್ಪಗಾಯಿತು. ಅವರು ಕಿಟಕಿಯಿಂದಲೂ ನೋಡಿರಲಿಲ್ಲ. ಅಷ್ಟರಲ್ಲಿ ಹೋಗಿದ್ದ ಕರೆಂಟು ಬಂದು ಫ್ಯಾನ್ ತಿರುಗಿತು. ಎರಡೂ ಪಡೆಗಳು ಚೆಲ್ಲಾಪಿಲ್ಲಿಯಾಗಿ ಫಿರಂಗಿಗಳು ಬಾಗಿಲವರೆಗೆ ಉರುಳಿದವು. ಹಿಂಗಾರು ಬಿರುಗಾಳಿಯಲ್ಲಿ ಯಾರಿಗೆ ಹೆಚ್ಚು ನಷ್ಟ ಎಂದು ಹೊಸ ಜಗಳ ಶುರುವಾಯಿತು. ಅಪ್ಪನಿಗೆ ರೇಗಿಹೋಯಿತು. ನಾಲ್ಕು ಇಂಗ್ಲಿಷ್ ಹಡಗುಗಳನ್ನು ಬಾಚಿ, ಮೇಲೆ ಬೊಂಬಾಯಿ ಸವರಿ, ಫಿರಂಗಿ ಸಮೇತ ಮಡಿಚಿ ಬಾಯಿಗೆ ತುರುಕಿಕೊಂಡರು.

ಎಲ್ಲರೂ ಅಪ್ಪನ ಬಾಯನ್ನೇ ನೋಡಿದರು. ನಮ್ಮ ಮನೆತನದಲ್ಲಿ ಗಂಡಿನವರು ತಂದ ಎಲೆ ಅಡಿಕೆಯನ್ನು ಹೆಣ್ಣಿನ ಅಪ್ಪ ಹಾಕಿಕೊಂಡರೆ ಮಾತು ಕೊಟ್ಟಂತೆ. ಆಮೇಲೆ ಬೇಡ ಅನ್ನುವ ಹಾಗಿಲ್ಲ.

"ಗಂಡಿನೋರ ಎಲೆ ಆಕ್ಕಂಡ್ಮೇಲೆ ಇನ್ನೇನದೆ? ಮದ್ವೆ ಗೊತ್ತಾಯ್ತು ಬುಡಿ. ಸಕ್ಕರೆ ತನ್ನಿ" ಎಂದಿತು ಮೂಲೆಯಲ್ಲಿದ್ದ ನಮ್ಮಜ್ಜಿ.

ಅಪ್ಪ ಏನೋ ಹೇಳಹೊರಟರು. ಬಾಯಿ ತುಂಬ ಇಂಗ್ಲಿಷರು. ಉಗುಳಿದರೆ ಬಂದವರಿಗೆ ಅವಮಾನ. ಕೈಯಾಡಿಸಿದರು, ನನ್ನ ಕಡೆ ನೋಡಿದರು, ಕೊನೆಗೆ ನುಂಗಿಬಿಟ್ಟರು. ಹುಡುಗನ ಅಪ್ಪ ಸಿಟ್ಟೆಲ್ಲ ಮರೆತು ಅವರ ಕೈ ಹಿಡಿದು "ಬೀಗರೇ" ಎಂದರು.

ನಾನು ಹಿತ್ತಲಿಗೆ ಹೋಗಿ ಅತ್ತೆ. ಅಕ್ಕನ ಮದುವೆಯನ್ನಾದರೂ ಜನ ಕೂತು ಮಾತಾಡಿ ಗೊತ್ತುಮಾಡಿದ್ದರು. ನನ್ನದು ಎಂದೋ ಸತ್ತ ದೊರೆಗಳ ಜಗಳದಲ್ಲಿ ಗೊತ್ತಾಯಿತು.

ಹಿಂದೆಯೇ ಹುಡುಗ ಬಂದು ದೂರದಲ್ಲಿ ನಿಂತ. "ಎಲೆ ಹಾಕ್ಕೊಂಡೋರು ನಿಮ್ಮಪ್ಪ. ನೀವೇನಂತೀರಿ?"

"ಎಂಟು ದಿನ ಬೇಕು" ಎಂದೆ, ರೇಗಿಯೇ.

"ತಗೊಳ್ಳಿ. ಬೇಡ ಅನ್ನಿಸಿದ್ರೆ ನನಗೊಂದು ಫೋನ್ ಮಾಡಿ. ನಾನೇ ಒಪ್ಪಲಿಲ್ಲ ಅಂತ ಹೇಳ್ತೀನಿ."

ಅವನು ತಿರುಗಿ ಪಡಸಾಲೆ ಸೇರುವಷ್ಟರಲ್ಲಿ ನನ್ನ ಮನಸ್ಸು ಒಪ್ಪಿಯಾಗಿತ್ತು. ಆದರೂ ಯಾರಿಗೂ ಹೇಳಲಿಲ್ಲ. ಅಪ್ಪ ದಿನವೂ ಬೆಳಗಾದರೆ ನನ್ನ ಮುಖ ನೋಡಿ, ಕೇಳಲು ಧೈರ್ಯ ಸಾಲದೆ ಹೊರಗೆ ಹೋಗುತ್ತಿದ್ದರು. ಪಾಪ ಅನ್ನಿಸುತ್ತಿತ್ತು. ಆದರೂ ಎಂಟನೆಯ ದಿನ ಸಾಯಂಕಾಲದವರೆಗೆ ಬಾಯಿ ಬಿಡಲಿಲ್ಲ. ಆ ಎಂಟು ದಿನ ನನ್ನವು.