ಅಪ್ಪನ ಕೆಳಸಾಲಿನ ಹಲ್ಲು

ನಮ್ಮಪ್ಪನಿಗೆ ಐವತ್ತು ತುಂಬುವ ಮೊದಲೇ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ವಸಡಿನ ಕಾಯಿಲೆ. ಬೇರೆ ಯಾರಿಗಾದರೂ ಆಗಿದ್ದರೆ ಅನ್ನವನ್ನು ಮೆತ್ತಗೆ ಮಾಡಿಸಿಕೊಂಡು ಉಂಡು ಸುಮ್ಮನಿರುತ್ತಿದ್ದರೇನೋ. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು. ಅವರು ತರಗತಿಯಲ್ಲಿ ಹಳೆಯ ಕಾವ್ಯ ಓದಲು ತೊಡಗಿದರೆ ಪಕ್ಕದ ಕೋಣೆಯ ಲೆಕ್ಕದ ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಕಿವಿಗೊಡುತ್ತಿದ್ದರಂತೆ. ಇದನ್ನು ಹೇಳಿದವರು ಅಪ್ಪನೇ ಆದ್ದರಿಂದ ಸ್ವಲ್ಪ ಸೋಡಿ ಬಿಟ್ಟು ನಂಬಬೇಕು. ಆದರೂ ಆ ಮನುಷ್ಯ ಬದುಕಿದ್ದೇ ಮಾತಿನಿಂದ ಎಂಬುದು ಮಾತ್ರ ನಿಜ.

ಹಲ್ಲು ಕಟ್ಟಿಸಿಕೊಳ್ಳಬೇಕಾದರೆ ದಂಡಿಗೆ ಹೋಗಿ ಎಂದು ಶಾಲೆಯಲ್ಲಿ ಯಾರೋ ಹೇಳಿದರು. ಕಂಟೋನ್ಮೆಂಟನ್ನು ಆಗ ನಾವೆಲ್ಲ ದಂಡು ಎಂದೇ ಕರೆಯುತ್ತಿದ್ದೆವು. ಜಯನಗರದಿಂದ ಎರಡು ಬಸ್ಸು ಹಿಡಿದು ಹೋಗಬೇಕು. ಅಮ್ಮ ಬರುವುದಿಲ್ಲ ಎಂದಳು, ಕಾಲೇಜಿಗೆ ಸೇರಿದ್ದ ನಾನು ಜೊತೆಗೆ ಹೊರಟೆ. ಅಲ್ಲಿನ ಹಲ್ಲಿನ ಡಾಕ್ಟರು ಚೀನೀಯರು. ಅವರ ತಂದೆ ಚೀನಾದಿಂದ ಬಂದು ಹಲ್ಲು ಕಟ್ಟುವ ಅಂಗಡಿ ಇಟ್ಟವರು. ಇವರು ಹುಟ್ಟಿ ಬೆಳೆದದ್ದು ದಂಡಿನಲ್ಲೇ. ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಮಾತಾಡುತ್ತಿದ್ದರು. ಅಪ್ಪ ಅವರ ಕನ್ನಡವನ್ನು ತಿದ್ದುವುದು, ಅವರು ಅಪ್ಪನ ಗಲ್ಲ ಹಿಡಿದು “ಮೊದ್ಲು ಬಾಯಿ ತೆಗೀರಿ ಮೇಷ್ಟ್ರೇ” ಎನ್ನುವುದು, ಹೀಗೆ ಇಬ್ಬರಿಗೂ ಸ್ನೇಹವಾಯಿತು.

ಅದು ಅರವತ್ತೆರಡನೇ ಇಸವಿ. ದಸರಾ ಕಳೆದ ಮೇಲೆ ಎರಡೂ ಸಾಲು ಸಿದ್ಧವಾದವು. ಮೇಲಿನದು ಹೇಳಿ ಮಾಡಿಸಿದ ಹಾಗೆ ಕೂತಿತು. ಕೆಳಗಿನದು ಒತ್ತುತ್ತಿತ್ತು. ಮತ್ತೆ ಅಚ್ಚು ತೆಗೆದು ಸರಿ ಮಾಡಿಕೊಡುತ್ತೇನೆ, ವಾರ ಬಿಟ್ಟು ಬನ್ನಿ ಎಂದು ಡಾಕ್ಟರು ಅದನ್ನು ಇಟ್ಟುಕೊಂಡರು. ಆ ವಾರದೊಳಗೆ ಚೀನಾ ಗಡಿಯಲ್ಲಿ ಯುದ್ಧ ಶುರುವಾಗಿ, ನಾವು ದಂಡಿಗೆ ಹೋಗುವುದು ಹಾಗೇ ನಿಂತಿತು.

ಇಲ್ಲಿ ನಮ್ಮ ಪಕ್ಕದ ಮನೆಯವರ ವಿಷಯ ಹೇಳಬೇಕು. ಅವರು ಯಡಿಯೂರಿನ ಹಳೆಯ ಒಕ್ಕಲು. ಹೊಲವೆಲ್ಲ ನಮ್ಮ ಜಯನಗರ ಬಡಾವಣೆಗೆ ಹೋದ ಮೇಲೆ ಎರಡು ಎಮ್ಮೆ, ಕೆರೆಯ ಹಿಂದೊಂದು ತರಕಾರಿ ತೋಟ ಉಳಿಸಿಕೊಂಡಿದ್ದರು. ಬೀದಿಗೆಲ್ಲ ಅವರು ಗೌಡರು. ಸಂಜೆ ಹಾಲು ಕೊಡುವ ನೆಪದಲ್ಲಿ ಬಂದು ನಮ್ಮ ಜಗಲಿಯ ಮೇಲೆ ಕೂತರೆ ಅಪ್ಪನಿಗೂ ಅವರಿಗೂ ಜಗಳ. ವರ್ಷಾನುಗಟ್ಟಲೆ ಅದೇ ವಿಷಯ: ನೆರೆಯ ದೇಶದ ಸರಕನ್ನು ಒಳಗೆ ಬಿಡಬೇಕೋ ಬೇಡವೋ. ಗೌಡರ ಭಾವಮೈದುನ ಕನಕಪುರದ ಕಡೆ ರೇಷ್ಮೆಹುಳು ಸಾಕುತ್ತಿದ್ದ. ಚೀನಾ ರೇಷ್ಮೆ ಬಂದರೆ ನಮ್ಮ ಗೂಡನ್ನು ಕೇಳುವವರು ಯಾರು ಎಂಬುದು ಗೌಡರ ಸಂಕಟ.

“ಕೊಡೋದು ತಗೊಳ್ಳೋದು ಇದ್ರೆ ಹೊಡೆದಾಟ ಬರಲ್ಲ ಗೌಡ್ರೇ,” ಎನ್ನುತ್ತಿದ್ದರು ಅಪ್ಪ. “ನೀವು ಹಾಲು ಕೊಡ್ತೀರಿ, ನಾನು ಪೇಪರ್ ಓದಿ ಹೇಳ್ತೀನಿ. ನಾವೇನು ಹೊಡೆದಾಡ್ತೀವಾ?”

“ಸುಮ್ಕಿರಿ ಮೇಷ್ಟ್ರೇ. ಬೇಲಿ ಇಲ್ದೇ ಹೋದ್ರೆ ನಮ್ ತೋಟದಲ್ಲಿ ಒಂದು ಬದ್ನೇಕಾಯೂ ಉಳಿಯಾಕಿಲ್ಲ. ಮೊದ್ಲು ಮಾರೋಕೆ ಬತ್ತಾರೆ, ಆಮೇಲೆ ದಾರಿ ನೋಡ್ಕೊಂಡು ಹೋಯ್ತಾರೆ.”

ಯುದ್ಧ ಶುರುವಾದಾಗ ಗೌಡರೇ ಗೆದ್ದ ಹಾಗಾಯಿತು. ಆದರೆ ಅವರು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ.

ಊರೆಲ್ಲ ಕುದಿಯುತ್ತಿತ್ತು. ಅಮ್ಮ ಸೈನಿಕರಿಗೆಂದು ಸ್ವೆಟರ್ ಹೆಣೆಯಲು ಕೂತಳು, ಕೈಬಳೆ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟಳು. ಅಪ್ಪನೂ ಪೇಪರ್ ಹಿಡಿದುಕೊಂಡು ಅತ್ತರು. ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಶಾಲೆಯಲ್ಲಿ ಮಾತು ಬೇರೆಯೇ ಹುಟ್ಟಿಕೊಂಡಿತು. ಪಂಡಿತರ ಬಾಯಲ್ಲಿರುವುದು ಚೀನಾ ಹಲ್ಲು. ಮೊದಲು ಅದು ತಮಾಷೆಯಾಗಿತ್ತು. ಆಮೇಲೆ ಡ್ರಿಲ್ ಮೇಷ್ಟ್ರು, ಅಂಥ ಡಾಕ್ಟರುಗಳು ಹಲ್ಲಿನೊಳಗೆ ವೈರು ಇಡುತ್ತಾರಂತೆ, ಇಲ್ಲಿ ಆಡಿದ್ದು ಅಲ್ಲಿ ಕೇಳಿಸುತ್ತದಂತೆ ಎಂದರು. ನಮ್ಮಪ್ಪ ಆಡುತ್ತಿದ್ದದ್ದು ಸಂಧಿ ಸಮಾಸ. ಅದನ್ನು ಶತ್ರುಗಳು ಕೇಳಿಸಿಕೊಂಡಿದ್ದರೆ ಅವರಿಗೆ ತಕ್ಕ ಶಾಸ್ತಿಯಾಗುತ್ತಿತ್ತು ಎಂದು ಈಗ ನಗಬಹುದು. ಆಗ ನಗು ಬರಲಿಲ್ಲ. ಹೇಗೂ ಕೆಳಸಾಲು ಇಲ್ಲದೆ ಮಾತು ಸ್ಪಷ್ಟವಾಗುತ್ತಿಲ್ಲ, ಹಲ್ಲು ಪೂರ್ತಿಯಾಗುವವರೆಗೆ ಪಾಠ ಬೇಡ, ಲೈಬ್ರರಿಯಲ್ಲಿ ಕೂತಿರಿ ಎಂದು ಹೆಡ್‌ಮಾಸ್ಟರು ನಯವಾಗಿ ಹೇಳಿದರು.

ಅಪ್ಪ ಮನೆಗೆ ಬಂದು ಮೇಲಿನ ಸಾಲನ್ನೂ ತೆಗೆದಿಟ್ಟರು. ಅವತ್ತಿನಿಂದ ಮಾತು ನಿಂತಿತು. ಬೇಕಾದ್ದನ್ನು ಬೆರಳು ತೋರಿಸಿ ಕೇಳುತ್ತಿದ್ದರು. ಬೇರೆ ಡಾಕ್ಟರ ಹತ್ತಿರ ಮಾಡಿಸಿ ಎಂದು ಅಮ್ಮ ಹೇಳಿದರೆ ತಲೆಯಾಡಿಸುತ್ತಿದ್ದರು, ಹೊರಡುತ್ತಿರಲಿಲ್ಲ. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತಾಗಲೂ ಮಂತ್ರ ಕೇಳಿಸುತ್ತಿರಲಿಲ್ಲ. ಅಡುಗೆಮನೆಯಲ್ಲಿ ನಾನೂ ಅಮ್ಮನೂ ಒಬ್ಬರ ಮುಖ ಒಬ್ಬರು ನೋಡದೆ ಕೆಲಸ ಮಾಡುತ್ತಿದ್ದೆವು. ನನಗೆ ಭಯವಾಗಿತ್ತು.

ಗೌಡರು ಒಂದಷ್ಟು ಸಂಜೆ ಬಂದು, ಒಬ್ಬರೇ ಮಾತಾಡಿ, ಎದ್ದು ಹೋದರು. ಆಮೇಲೊಂದು ದಿನ ಬೆಳಿಗ್ಗೆಯೇ ಒಗೆದ ಪಂಚೆ ಉಟ್ಟು, ರುಮಾಲು ಸುತ್ತಿಕೊಂಡು ಬಂದು ಬಾಗಿಲಲ್ಲಿ ನಿಂತರು.

“ಏಳಿ ಮೇಷ್ಟ್ರೇ, ದಂಡಿಗೆ ಹೋಗವ. ನೀವು ಬಾಯಿ ಮುಚ್ಕೊಂಡು ಕೂತ್ರೆ ನಾನು ಯಾರ್ ತಾವ ಜಗಳ ಆಡ್ಲಿ?”

ಅಪ್ಪ ಕೈಯಾಡಿಸಿ ಬೇಡವೆಂದರು. ಗೌಡರು ಅವರ ಕೋಟನ್ನು ಗೂಟದಿಂದ ತೆಗೆದು ತಾವೇ ತೊಡಿಸಿದರು. ಮೇಲಿನ ಸಾಲನ್ನು ನಾನು ಕರ್ಚೀಫಿನಲ್ಲಿ ಕಟ್ಟಿಕೊಂಡೆ.

ಅಂಗಡಿಯ ಬೋರ್ಡಿಗೆ ಯಾರೋ ಟಾರು ಬಳಿದಿದ್ದರು. ಬಾಗಿಲ ಗಾಜು ಒಡೆದು, ಅಲ್ಲಿಗೆ ರಟ್ಟು ಹೊಡೆದಿತ್ತು. ತುಂಬ ಹೊತ್ತು ತಟ್ಟಿದ ಮೇಲೆ ಡಾಕ್ಟರು ಒಂದು ಬೆರಳಷ್ಟು ಬಾಗಿಲು ತೆಗೆದು, ಅಪ್ಪನನ್ನು ಕಂಡು ಪೂರ್ತಿ ತೆಗೆದರು. ಇಳಿದುಹೋಗಿದ್ದರು. ಕೆಳಸಾಲು ಸಿದ್ಧವಾಗಿಯೇ ಇತ್ತು. ನೀರು ತುಂಬಿದ ಬಟ್ಟಲಲ್ಲಿ ಇಟ್ಟಿದ್ದರು. ಮಾಡಿ ಬಹಳ ದಿನವಾಯಿತು, ಆದರೆ ಕಳಿಸಲು ಯಾರೂ ಸಿಗಲಿಲ್ಲ, ತಾವೇ ತರೋಣವೆಂದರೆ ಈಗ ಚೀನೀಯರು ಅಷ್ಟು ದೂರ ಹೋಗಬೇಕಾದರೆ ಪೊಲೀಸರ ಅಪ್ಪಣೆ ಬೇಕು ಎಂದರು.

ಗೌಡರು ಕೈ ಚಾಚಿದರು. “ಎಲ್ಲಿ, ಇತ್ತ ಕೊಡಿ ನೋಡವ.” ಆ ಹಲ್ಲುಗಳನ್ನು ಬೆಳಕಿಗೆ ಹಿಡಿದು ತಿರುಗಿಸಿದರು, ಉಗುರಿನಿಂದ ಗೀಚಿದರು, ಕೊನೆಗೆ ಕಿವಿಗೂ ಇಟ್ಟುಕೊಂಡರು! ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

“ಏನೂ ಇಲ್ಲ, ಬರೀ ಹಲ್ಲು,” ಎಂದು ಗೌಡರು ವಾಪಸು ಕೊಟ್ಟರು. “ಬೀದಿಲಿ ಕೇಳ್ತಾರೆ, ನಾನೇ ನೋಡಿದೀನಿ ಅಂತ ಹೇಳ್ಬೇಕಲ್ಲ, ಅದ್ಕೆ.”

ಡಾಕ್ಟರು ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಎರಡೂ ಸಾಲು ತೊಡಿಸಿದರು, ತೆಗೆದು ಸಣ್ಣ ಅರದಿಂದ ಉಜ್ಜಿದರು, ಮತ್ತೆ ತೊಡಿಸಿದರು. “ಏನಾದ್ರೂ ಓದಿ ಮೇಷ್ಟ್ರೇ,” ಎಂದರು. ಅಪ್ಪ ಬಾಯಿ ತೆರೆದರು. ಮೊದಲು ದನಿ ಒಡೆಯಿತು. ಆಮೇಲೆ ಷಟ್ಪದಿಯ ಒಂದು ಪದ್ಯವನ್ನು ಮೊದಲಿಂದ ಕೊನೆಯವರೆಗೆ, ಒಂದಕ್ಷರ ಜಾರದ ಹಾಗೆ ಹೇಳಿದರು. ಡಾಕ್ಟರಿಗೆ ಅದರಲ್ಲಿ ಎಷ್ಟು ಅರ್ಥವಾಯಿತೋ ತಿಳಿಯದು. ಅರವನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. ಪದ್ಯ ಮುಗಿದಾಗ ನಾನು ಅಳುತ್ತಿದ್ದೆ, ಗೌಡರು ರುಮಾಲಿನ ತುದಿಯಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

ಹೊರಡುವಾಗ ಗೌಡರು ಡಾಕ್ಟರಿಗೆ, “ಇಲ್ಲಿ ತೊಂದ್ರೆ ಆದ್ರೆ ಯಡಿಯೂರಿಗೆ ಬಂದ್ಬಿಡಿ. ನಮ್ಮನೇಲಿ ಜಾಗ ಐತೆ,” ಎಂದರು. ಡಾಕ್ಟರು ನಕ್ಕು ಕೈಮುಗಿದರು. ಆಮೇಲೆ ಅಪ್ಪನಿಗೆ, “ಒಂದು ತಿಂಗಳು ಹಾಕ್ಕೊಳ್ಳಿ. ಒತ್ತಿದ್ರೆ ಬನ್ನಿ, ಸರಿ ಮಾಡ್ತೀನಿ,” ಎಂದರು.

ಮರುದಿನವೇ ಅಪ್ಪ ಶಾಲೆಗೆ ಹೋಗಿ ಹೆಡ್‌ಮಾಸ್ಟರ ಮುಂದೆ ನಿಂತು ಒಂದು ಪುಟ ಓದಿ ತೋರಿಸಿದರಂತೆ. ಹಲ್ಲಿನಲ್ಲಿ ಏನೂ ಇಲ್ಲ ಎಂದು ಗೌಡರು ಶಾಲೆಯ ಗೇಟಿನವರೆಗೂ ಸಾರಿಕೊಂಡು ಬಂದಿದ್ದರು. ಪಾಠ ಮತ್ತೆ ಸಿಕ್ಕಿತು. ಜಗಲಿಯಲ್ಲಿ ಜಗಳವೂ ಶುರುವಾಯಿತು, ಗೌಡರು ಬೇಲಿಯ ವಿಷಯದಲ್ಲಿ ಒಂದಿಂಚೂ ಬಿಟ್ಟುಕೊಡಲಿಲ್ಲ.

ತಿಂಗಳಾದ ಮೇಲೆ ಒಂದು ಭಾನುವಾರ ಅಪ್ಪ ನನ್ನನ್ನು ಕರೆದುಕೊಂಡು ಮತ್ತೆ ದಂಡಿಗೆ ಹೊರಟರು. ಆ ಅಂಗಡಿಯಲ್ಲಿ ದರ್ಜಿಯೊಬ್ಬ ಮೆಷಿನ್ ಹಾಕಿಕೊಂಡು ಕೂತಿದ್ದ. ಡಾಕ್ಟರು ಎಲ್ಲಿ ಹೋದರು, ತಾವಾಗಿ ಹೋದರೋ, ಪೊಲೀಸರು ಕರೆದುಕೊಂಡು ಹೋದರೋ, ಅವನಿಗೆ ಗೊತ್ತಿರಲಿಲ್ಲ. ಅಪ್ಪ ಮೆಟ್ಟಿಲಿಳಿಯದೆ ನಿಂತೇ ಇದ್ದರು. ದರ್ಜಿ ಕನಿಕರದಿಂದ ಕೇಳಿದ, “ಯಾಕೆ ಸಾರ್, ಹಲ್ಲು ನೋಯ್ತಾ ಇದ್ಯಾ?”

“ಇಲ್ಲಪ್ಪ,” ಎಂದರು ಅಪ್ಪ. “ಒತ್ತುತ್ತಾ ಇಲ್ಲ ಅಂತ ಹೇಳಿ ಹೋಗೋಣ ಅಂತ ಬಂದೆ.”