ಎಳ್ಳಿನ ಡಬ್ಬಿಯೊಳಗಿನ ಮದ್ದು

ಫೆಬ್ರವರಿ ತಿಂಗಳ ಬೆಳಗು, ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಡಬ್ಲಿನ್ ಅಂಚಿನ ಟಾಲಾದ ಸಾಲುಮನೆಯೊಂದರ ಮುಂದೆ ಬಿಳಿ ವ್ಯಾನ್ ಬಂದು ನಿಲ್ಲುತ್ತದೆ. ಇಳಿದವರು ಇನಾಯತುಲ್ಲಾ. ಐವತ್ತೊಂಬತ್ತು ವರ್ಷ, ಬಿಳಿ ಗಡ್ಡ, ಅದರ ಮೇಲೆ ನೀಲಿ ಮಾಸ್ಕ್, ಕೈಯಲ್ಲಿ ಹಿಡಿಕೆಯ ಮರದ ಪೆಟ್ಟಿಗೆ. ಅಂಗಳದಲ್ಲಿ ವೇದಾವತಿಯೂ ಹದಿಮೂರು ವರ್ಷದ ಮಗಳು ಮಾನ್ಯಾಳೂ ಕೋಟು ಹೊದ್ದು ನಿಂತಿದ್ದಾರೆ. ಕಸದ ಹಸಿರು ತೊಟ್ಟಿಯ ಮರೆಯಲ್ಲಿ ಹಿತ್ತಾಳೆಯ ದೀಪವೊಂದು ಉರಿಯುತ್ತಿದೆ. ವೇದಾವತಿ ಮತ್ತೆ ಮತ್ತೆ ಬಗ್ಗಿ ಅದಕ್ಕೆ ಎರಡೂ ಕೈ ಅಡ್ಡ ಹಿಡಿಯುತ್ತಿದ್ದಾರೆ.

"ಆರಿಸಿಬಿಡಿ ಅಂತ ಫೋನಲ್ಲಿ ಹೇಳಿದ್ನಲ್ಲಮ್ಮ."

"ಹನ್ನೊಂದು ದಿನದಿಂದ ಆರಿಲ್ಲ ಭಾಯ್. ಒಳಗೆ ಇರಬಾರ್ದು ಅಂದ್ರಿ, ಹೊರಗೆ ತಂದೆ. ಒಂದೂಕಾಲು ಗಂಟೆಯಿಂದ ಹೀಗೇ ಇದೀವಿ."

ಇನಾಯತುಲ್ಲಾ ಒಲೆ ಆರಿದೆಯೇ ಎಂದು ಒಮ್ಮೆ ಕೇಳಿ, ಬೂಟು ಬಾಗಿಲಲ್ಲೇ ಬಿಟ್ಟು ಒಬ್ಬರೇ ಒಳಗೆ ಹೋಗುತ್ತಾರೆ. ಆ ಮನೆಯಲ್ಲಿ ಬಂದೂಕಿನ ಮದ್ದು ಇರುವುದು ಅವರಿಗೆ ಗೊತ್ತಾಗಿದೆ. ಒಂದು ಡಬ್ಬಿ ಕಣ್ಣೆದುರೇ ಇದೆ. ಇನ್ನೂ ಇದೆಯೇ, ಇದ್ದರೆ ಎಲ್ಲಿದೆ ಎಂದು ಹೇಳಬೇಕಾದ ಮನೆಯ ಯಜಮಾನ ಮಧುಸೂದನ ಕೋವಿಡ್‌ನಿಂದ ತೀರಿಹೋಗಿ ಇಂದಿಗೆ ಹನ್ನೊಂದು ದಿನ.

ಇನಾಯತುಲ್ಲಾ ಡನ್‌ಡಾಕ್ ಎಂಬ ಊರಿನ ಹೊರವಲಯದಲ್ಲಿ ಪರವಾನಗಿ ಇರುವ ಬಂದೂಕಿನಂಗಡಿಯೊಂದರ ನೌಕರ. ಗಲ್ಲಾಪೆಟ್ಟಿಗೆಯ ಮುಂದೆ ಕೂತು ಮಾರುವುದು ಬೇರೆಯವರ ಕೆಲಸ, ವಾಪಸು ತರುವುದು ಇವರದು. ಬೇಟೆಯ ಹುಚ್ಚಿದ್ದ ಮುದುಕರು ಸತ್ತಾಗ ಅವರ ಶೆಡ್ಡಿನಲ್ಲಿ, ಅಟ್ಟದಲ್ಲಿ ಕೋವಿಗೆ ಹಾಕುವ ಹಳೆಯ ತೋಟೆಗಳೂ ಮದ್ದಿನ ಡಬ್ಬಿಗಳೂ ಸಿಗುತ್ತವೆ. ಮನೆಯವರು ಹೆದರಿ ಪೊಲೀಸರಿಗೆ ಫೋನ್ ಮಾಡುತ್ತಾರೆ, ಪೊಲೀಸರು ಅಂಗಡಿಗೆ, ಅಂಗಡಿಯವರು ಇನಾಯತುಲ್ಲಾಗೆ. ಐದು ಕಿಲೋಮೀಟರ್ ದಾಟಬಾರದೆಂದು ಇಡೀ ದೇಶವನ್ನು ಕೂಡಿಹಾಕಿರುವಾಗ ಇವರ ವ್ಯಾನಿನಲ್ಲಿ ಮಾತ್ರ ಅನುಮತಿ ಪತ್ರ ಇದೆ. ಮೊದಲ ಲಾಕ್‌ಡೌನ್‌ನಿಂದ ಇಲ್ಲಿಯವರೆಗೆ ನಲವತ್ತೇಳು ಮನೆ, ಇನ್ನೂರ ಹನ್ನೆರಡು ಡಬ್ಬಿ. ಅದಕ್ಕೆ ಮುಂಚೆ ವರ್ಷಕ್ಕೆ ಏಳೆಂಟು ಮನೆಯಾದರೆ ಹೆಚ್ಚು. ಅವರ ಹೆಂಡತಿ ಜಮೀಲಾ ವೃದ್ಧರ ಆರೈಕೆಮನೆಯಲ್ಲಿ ಕೆಲಸಕ್ಕಿದ್ದಾರೆ. ಹೋದ ಏಪ್ರಿಲ್‌ನಲ್ಲಿ ಯಾವ ಅಜ್ಜ ಸತ್ತಾಗ ಅವರು ಕಣ್ಣು ಮುಚ್ಚಿಸಿ ಬಂದಿದ್ದರೋ ಅದೇ ಅಜ್ಜನ ಮನೆಗೆ ಮುಂದಿನ ವಾರ ಇವರು ಪೆಟ್ಟಿಗೆ ಹಿಡಿದು ಹೋಗಿದ್ದುಂಟು.

"ಸತ್ತೋರ ಮನೆಗೆ ಹತ್ತೇ ಜನ ಹೋಗ್ಬೇಕು ಅಂತ ರೂಲ್ ಇತ್ತು. ಎಷ್ಟೋ ಕಡೆ ಹನ್ನೊಂದನೆಯವ್ನು ನಾನು," ಎನ್ನುತ್ತಾರೆ. ನಗುವುದಿಲ್ಲ.

ಮನೆಯಲ್ಲಿ ಕೂತು ಖಾಲಿ ತೋಟೆಗೆ ಮದ್ದು ತುಂಬುವ ಹುಚ್ಚು ಈ ಒಂದು ವರ್ಷದಲ್ಲಿ ಎಲ್ಲಿಂದಲೋ ಎದ್ದು ಬಂತು. ಅದಕ್ಕೆಂದೇ ಬೇರೆ ಪರವಾನಗಿ ಇಲ್ಲದೆ ಇಲ್ಲಿ ಹಾಗೆ ಮಾಡುವಂತಿಲ್ಲ. ಆದರೆ ಶೂಟಿಂಗ್ ರೇಂಜುಗಳು ಮುಚ್ಚಿದ್ದವು, ಜನರಿಗೆ ಹೊತ್ತು ಹೋಗುತ್ತಿರಲಿಲ್ಲ, ಮೊಬೈಲ್ ತುಂಬ ವಿಡಿಯೋಗಳಿದ್ದವು. ಬ್ರೆಡ್ ಮಾಡಲು ಕಲಿತವರು ಬ್ರೆಡ್ ಮಾಡಿದರು, ಕೆಲವರು ಇದಕ್ಕೆ ಕೈ ಹಾಕಿದರು. ಫೋನ್ ಮಾಡುವವರೆಲ್ಲರದೂ ಒಂದೇ ಪ್ರಶ್ನೆ: ಯಾವ ಮದ್ದು ಒಳ್ಳೆಯದು?

"ಒಳ್ಳೇದು ಅಂತ ಒಂದಿಲ್ಲ. ಒಂದು ಬೇಗ ಉರೀತದೆ, ಒಂದು ನಿಧಾನಕ್ಕೆ. ಯಾವ ತೋಟೆ, ಎಷ್ಟು ಭಾರದ ಗುಂಡು, ಮಧ್ಯೆ ಇಡೋ ಬಿರಡೆ ಯಾವ್ದು, ಎಲ್ಲ ಸೇರಿಸಿ ಕಂಪನಿಯವ್ರು ಪುಸ್ತಕ ಕೊಟ್ಟಿರ್ತಾರೆ. ಅದರಲ್ಲಿ ಇಲ್ಲದ್ದು ಇಲ್ಲ. ಸ್ವಲ್ಪ ಹೆಚ್ಚುಕಮ್ಮಿ ಮಾಡೋಕೆ ಇದೇನು ಸಾರಿಗೆ ಉಪ್ಪಾ?" ಇದು ಇನಾಯತುಲ್ಲಾ ಮದ್ದಿನ ಬಗ್ಗೆ ಆಡುವ ಅತಿ ಉದ್ದದ ಮಾತು. ಎರಡನ್ನೂ ಅಂಗೈಯಲ್ಲಿ ಹಾಕಿದರೆ ಬೇಗ ಉರಿಯುವುದು ಯಾವುದು, ನಿಧಾನದ್ದು ಯಾವುದು ಎಂದು ಹೇಳಬಲ್ಲವರು ಹುಟ್ಟಿಲ್ಲ ಎಂದೂ ಸೇರಿಸುತ್ತಾರೆ. ಬಣ್ಣ ಒಂದೇ, ಕಾಳು ಒಂದೇ. ಅದು ಇಂಥದ್ದೇ ಎಂದು ಹೇಳುವುದು ಡಬ್ಬಿಯ ಮೇಲಿನ ಚೀಟಿಯೊಂದೇ.

ಹಾಗೆ ಹೇಳಬಲ್ಲೆ ಎಂದು ಅವರೂ ಒಂದು ಕಾಲದಲ್ಲಿ ನಂಬಿದ್ದರು. ಆಗ ಅವರಿಗೆ ಇಪ್ಪತ್ತಮೂರು. ಬೆಂಗಳೂರಿನ ಶಿವಾಜಿನಗರದ ಹಿಂದೆ ದೊಡ್ಡಯ್ಯ ಎಂಬುವರ ಕೋವಿ ರಿಪೇರಿ ಅಂಗಡಿಯಲ್ಲಿ ಕೆಲಸ. ದೊಡ್ಡಯ್ಯನವರ ಅಂಗಡಿಯಲ್ಲಿ ಎರಡು ಕಟ್ಟುಪಾಡುಗಳಿದ್ದವು. ಮದ್ದು ತಾನು ಬಂದ ಡಬ್ಬಿ ಬಿಟ್ಟು ಕದಲಬಾರದು. ಮತ್ತು ತುಂಬಿದವನೇ ಮೊದಲ ತೋಟೆ ಹಾರಿಸಬೇಕು. ಕೈ ತಪ್ಪಿದವನ ಕೈಯೇ ಹೋಗಲಿ, ಗಿರಾಕಿಯದು ಬೇಡ ಎಂಬುದು ಅವರ ಲೆಕ್ಕಾಚಾರ. ಒಂದು ಹಬ್ಬದ ಮುಂಚೆ ಕೆಲಸ ಮೇಲೆ ಬಿದ್ದು ಇನಾಯತುಲ್ಲಾ ಎರಡು ಡಬ್ಬಿ ಮದ್ದನ್ನು ಮನೆಗೆ ಒಯ್ದರು. ಡಬ್ಬಿಗಳು ಗಟ್ಟಿಮುಟ್ಟಾಗಿದ್ದವು, ಮುಚ್ಚಳ ಬಿಗಿಯಾಗಿತ್ತು. ಅವರ ತಾಯಿ ಮದ್ದನ್ನು ಎರಡು ಹಾರ್ಲಿಕ್ಸ್ ಬಾಟಲಿಗೆ ಸುರಿದು, ಡಬ್ಬಿ ತೊಳೆದು, ರವೆ ತುಂಬಿಟ್ಟರು.

ಆ ತಾಯಿಯನ್ನು ಬೈಯುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ. ನಮ್ಮ ಅಡುಗೆಮನೆಗಳಲ್ಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾರ್ಲಿಕ್ಸ್ ಇದ್ದದ್ದನ್ನು ಯಾರು ಕಂಡಿದ್ದಾರೆ? ಕಾಫಿ ಡಬ್ಬಿಯಲ್ಲಿ ಮೆಂತ್ಯ, ಬಿಸ್ಕತ್ ಡಬ್ಬಿಯಲ್ಲಿ ಸೂಜಿದಾರ, ಐಸ್‌ಕ್ರೀಂ ಡಬ್ಬಿಯಲ್ಲಿ ಹುಣಸೆಹಣ್ಣು. ಚೀಟಿ ಏನೇ ಹೇಳಲಿ, ಒಳಗೇನಿದೆ ಎಂದು ಮನೆಯಾಕೆಗೆ ಗೊತ್ತು. ವಿಮಾನ ಹತ್ತಿ ಐರ್ಲೆಂಡಿಗೆ ಬಂದರೂ ಈ ಅಭ್ಯಾಸ ನಮ್ಮ ಸೂಟ್‌ಕೇಸಿನಲ್ಲೇ ಬರುತ್ತದೆ.

ಇನಾಯತುಲ್ಲಾ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿದರು, ಇದೇ ಎಂದುಕೊಂಡರು, ಹನ್ನೆರಡು ತೋಟೆ ತುಂಬಿದರು. ಮರುದಿನ ಅವರಿಗೆ ಜ್ವರ. "ನಿನ್ ಬದ್ಲು ನಾನೇ ಹಾರಿಸ್ತೀನಿ, ಮಲಕ್ಕೋ ಹೋಗು" ಎಂದು ದೊಡ್ಡಯ್ಯ ಕೋವಿ ತೆಗೆದುಕೊಂಡರು. ನಳಿಗೆ ಸೀಳಿ ಅವರ ಎಡಗೈ ಮಣಿಕಟ್ಟಿನವರೆಗೆ ಹೋಯಿತು.

"ಆಸ್ಪತ್ರೇಲಿ ಕಣ್ಣು ಬಿಟ್ಟೋರು ನಂಗೆ ಬೈಲಿಲ್ಲ. ಉಳಿದ ಹನ್ನೊಂದು ಬಿಚ್ಚಿದ್ಯಾ ಅಂತ ಕೇಳಿದ್ರು. ಅಷ್ಟೇ." ಮೂವತ್ತಾರು ವರ್ಷದ ಹಿಂದಿನ ಮಾತು. ಹೇಳುವಾಗ ಇನಾಯತುಲ್ಲಾ ತಮ್ಮ ಎಡಗೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಅದರ ಐದೂ ಬೆರಳು ನೆಟ್ಟಗಿವೆ, ಅದೇ ಅವರ ಸಂಕಟ.

ಮಧುಸೂದನ ಮೈಸೂರಿನವರು, ಸಾಫ್ಟ್‌ವೇರ್ ಎಂಜಿನಿಯರ್. ಮಣ್ಣಿನ ಬಿಲ್ಲೆಗೆ ಗುರಿ ಇಡುವ ಕ್ಲಬ್ಬಿನ ಸದಸ್ಯರು, ಬಂದೂಕಿಗೆ ಪರವಾನಗಿಯೂ ಇತ್ತು. ಡನ್‌ಡಾಕ್ ಅಂಗಡಿಗೆ ಬರುತ್ತಿದ್ದ ಒಬ್ಬರೇ ಕನ್ನಡದ ಗಿರಾಕಿ. ತೋಟೆ ಕೊಳ್ಳಲು ಐದು ನಿಮಿಷ ಸಾಕಾದರೆ ಇನಾಯತುಲ್ಲಾ ಜೊತೆ ಹರಟಲು ಅವರಿಗೆ ಒಂದು ಗಂಟೆ ಬೇಕಿತ್ತು. ಹೋದ ಮೇ ತಿಂಗಳಲ್ಲಿ ಅವರೂ ಫೋನ್ ಮಾಡಿದರು. "ಭಾಯ್, ಮನೇಲೇ ತುಂಬೋಣ ಅಂತಿದೀನಿ. ಎರಡು ಥರ ಮದ್ದು ನೋಡಿದೀನಿ, ಯಾವ್ದು ತಗೊಳ್ಲಿ?"

ಇನಾಯತುಲ್ಲಾಗೆ ದೊಡ್ಡಯ್ಯನವರ ಕೈ ಕಣ್ಣಮುಂದೆ ಬಂತು, ರಕ್ತ ತಲೆಗೇರಿತು. "ನಿಮಗೇನು ತಲೆ ಕೆಟ್ಟಿದ್ಯಾ? ಈ ಮಾತಿಗೆ ಇನ್ನೊಂದ್ಸಲ ಫೋನ್ ಮಾಡ್ಬೇಡಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಫೋನ್ ಕುಕ್ಕಿದರು. ಈಗಾಗಲೇ ಮನೆಯಲ್ಲಿ ಏನಾದರೂ ಇದೆಯಾ ಎಂದು ಕೇಳಲಿಲ್ಲ. ಮಧುಸೂದನ ಮತ್ತೆ ಫೋನ್ ಮಾಡಲಿಲ್ಲ. ಜನವರಿಯಲ್ಲಿ ಮೂವರಿಗೂ ಕೋವಿಡ್ ಬಂತು, ಅವರು ಆಸ್ಪತ್ರೆಯಿಂದ ಹಿಂದಿರುಗಲಿಲ್ಲ.

ಇವತ್ತು ಹನ್ನೊಂದನೆಯ ದಿನದ ಕರ್ಮಕ್ಕೆ ಪುರೋಹಿತರು ಮೈಸೂರಿನಿಂದ ವಿಡಿಯೋದಲ್ಲಿ ಬಂದರು. ಅವರಿಗೆ ಹನ್ನೊಂದೂವರೆ, ಇಲ್ಲಿ ಬೆಳಗಿನ ಆರು. ನೀರು ಬಿಡಬೇಕಾದವಳು ಮಾನ್ಯಾ. "ಕರಿ ಎಳ್ಳು ತಗೊಳಮ್ಮ" ಎಂದರು ಪುರೋಹಿತರು. ವೇದಾವತಿ ಕುರ್ಚಿ ಹತ್ತಿ ಅಡುಗೆಮನೆಯ ಮೇಲಿನ ಕಪಾಟಿನಿಂದ 'ಎಳ್ಳು' ಎಂದು ತಾವೇ ಬರೆದು ಅಂಟಿಸಿದ್ದ ಡಬ್ಬಿ ಇಳಿಸಿದರು. ಕರಿ ಎಳ್ಳು ನಿತ್ಯಕ್ಕೆ ಬೇಕಾಗುವ ಪದಾರ್ಥವಲ್ಲ, ಆ ಡಬ್ಬಿ ಮುಟ್ಟಿ ವರ್ಷ ದಾಟಿತ್ತು. ಕತ್ತಲೆಗೆ ಸರಿಯಾಗಿ ಕಾಣದೆ ದೀಪವನ್ನು ಒಂದು ಗೇಣು ಹತ್ತಿರಕ್ಕೆ ಎಳೆದುಕೊಂಡು ಮುಚ್ಚಳ ತೆಗೆದು ಮಗಳ ಕಡೆ ಚಾಚಿದರು. ಕಾಯಿಲೆ ಬಂದಾಗಿನಿಂದ ಅವರಿಗೆ ಯಾವ ವಾಸನೆಯೂ ತಿಳಿಯುತ್ತಿಲ್ಲ. ಮಗಳಿಗೆ ವಾಸನೆ ವಾಪಸು ಬಂದಿತ್ತು.

"ಮಮ್, ಡೋಂಟ್. ಸ್ಮೆಲ್ಸ್ ಲೈಕ್ ನೇಲ್ ಪಾಲಿಶ್ ರಿಮೂವರ್," ಎಂದಳು ಮಾನ್ಯಾ, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು.

ಎಳ್ಳಿಗೆ ಅಂಥ ವಾಸನೆ ಎಲ್ಲಿಯದು? ವೇದಾವತಿಗೆ ಗಂಡನ ಬಂದೂಕು ನೆನಪಾಯಿತು. ಡಬ್ಬಿಯನ್ನು ಅಲ್ಲೇ ಇಟ್ಟು ಗಂಡನ ಮೊಬೈಲಿನಲ್ಲಿ 'ಇನಾಯತ್ ಭಾಯ್' ಎಂದಿದ್ದ ನಂಬರಿಗೆ ಫೋನ್ ಮಾಡಿದರು. ಬೆಳಗಿನ ನಮಾಜಿಗೆ ಎದ್ದಿದ್ದ ಇನಾಯತುಲ್ಲಾ ವಿಷಯ ಕೇಳಿ ಪೊಲೀಸರಿಗೆ ತಿಳಿಸಿ, ಹಾಕಿದ ಬಟ್ಟೆಯಲ್ಲೇ ಹೊರಟರು.

ಮಧುಸೂದನ ಮದ್ದನ್ನು ಅಡುಗೆಮನೆಯಲ್ಲಿ ಏಕಿಟ್ಟರು ಎಂದು ಬಯ್ಯುವುದು ಸುಲಭ. ಒಣಗಿದ, ತಂಪಾದ ಜಾಗದಲ್ಲಿಡಿ ಎಂದು ವಿಡಿಯೋದವರು ಹೇಳಿರುತ್ತಾರೆ. ಈ ದೇಶದ ಶೆಡ್ಡಿನಲ್ಲಿ ಬೂಟಿಗೂ ಬೂಸಲು ಹತ್ತುತ್ತದೆ. ಒಣಗಿದ ಜಾಗ ಎಂದರೆ ಒಲೆಯಿಂದ ದೂರದ ಮೇಲಿನ ಕಪಾಟೊಂದೇ. ಬೆಂಕಿಯ ಗುರುತಿನ ಮೂಲ ಡಬ್ಬಿ ಕಂಡರೆ ಹೆಂಡತಿ ರಂಪ ಮಾಡುತ್ತಾಳೆಂದು ಯಾರೂ ಮುಟ್ಟದ ಡಬ್ಬಿಯ ಎಳ್ಳನ್ನು ಬೇರೆ ಡಬ್ಬಿಗೆ ಹಾಕಿ ಅದರಲ್ಲಿ ಸುರಿದಿರಬೇಕು. ಬುದ್ಧಿವಂತ ಮನುಷ್ಯ ಮಾಡುವ ಪೆದ್ದುತನ ಇದು, ಪ್ರತಿ ಹೆಜ್ಜೆಗೂ ಅವನಲ್ಲಿ ಒಂದು ಕಾರಣ ಇರುತ್ತದೆ.

ಕಪಾಟುಗಳಲ್ಲಿ ಮೂವತ್ತೆಂಟು ಡಬ್ಬಿಗಳಿವೆ. 'ಎರಡು ಥರ' ಎಂದು ಮಧುಸೂದನ ಫೋನಿನಲ್ಲಿ ಹೇಳಿದ್ದು ಇನಾಯತುಲ್ಲಾಗೆ ಚೆನ್ನಾಗಿ ನೆನಪಿದೆ. ಎಳ್ಳಿನ ಡಬ್ಬಿ ಪೆಟ್ಟಿಗೆ ಸೇರಿದ ಮೇಲೆ ಅವರು ಒಂದೊಂದೇ ಇಳಿಸಿ, ತೆರೆದು, ಮಾಸ್ಕ್ ಸರಿಸಿ ಮೂಸಿ, ನೆಲದ ಮೇಲೆ ಸಾಲಾಗಿ ಇಡುತ್ತಾರೆ. ಸಾಸಿವೆ. ರಾಗಿ. ಗಸಗಸೆ. ಮೈಸೂರಿನಿಂದ ಬಂದ ಹುರಿಗಡಲೆ. ಹೊರಗೆ ಗಾಳಿ ಏಳುತ್ತದೆ, ಕಿಟಕಿಯಾಚೆ ವೇದಾವತಿ ಕೋಟು ಬಿಚ್ಚಿ ದೀಪದ ಸುತ್ತ ಹಿಡಿಯುವುದು ಕಾಣುತ್ತದೆ. ಇಪ್ಪತ್ತೊಂಬತ್ತನೆಯದು ಬೋರ್ನ್‌ವಿಟಾ ಡಬ್ಬಿ. ಮುಚ್ಚಳ ತೆರೆದರೆ ಅದೇ ಕರಿ ಕಾಳು, ಅದೇ ವಾಸನೆ. ಹಾಗೇ ಮುಚ್ಚಿ ಪೆಟ್ಟಿಗೆಗೆ ಇಡುತ್ತಾರೆ. ಆಮೇಲೂ ನಿಲ್ಲಿಸುವುದಿಲ್ಲ, ಉಳಿದ ಒಂಬತ್ತನ್ನೂ ತೆರೆಯುತ್ತಾರೆ.

"ಎರಡರಲ್ಲಿ ಯಾವ್ದು ಯಾವ್ದು ಅಂತ ಗೊತ್ತಿದ್ದೋನು ಭೂಮಿ ಮೇಲೆ ಒಬ್ನೇ ಇದ್ದ. ಅವ್ನೂ ಇಲ್ಲ. ಇನ್ನು ಇದು ಯಾರಿಗೂ ಮದ್ದಲ್ಲ, ನಾಶ ಮಾಡೋ ಕಸ."

ಮೂವತ್ತಾರನೆಯ ಡಬ್ಬಿಯಲ್ಲಿ ಮತ್ತೆ ಕರಿ ಕಾಳು. ಇನಾಯತುಲ್ಲಾ ಒಂದು ಕಾಳನ್ನು ಹೆಬ್ಬೆರಳಿನ ಉಗುರಿನಿಂದ ಒತ್ತುತ್ತಾರೆ. ಎಣ್ಣೆ ಜಿನುಗುತ್ತದೆ. ಮಾಸ್ಕ್ ಇಳಿಸಿ ನಾಲಗೆಯ ಮೇಲಿಟ್ಟು ಜಗಿಯುತ್ತಾರೆ. ಕೊನೆಯ ಎರಡನ್ನೂ ನೋಡಿ, ಪೆಟ್ಟಿಗೆಯನ್ನು ವ್ಯಾನಿಗೆ ಸೇರಿಸಿ, ಆ ಡಬ್ಬಿ ಹಿಡಿದು ಬಂದು, "ಇದು ಎಳ್ಳಮ್ಮ. ತಿಂದು ನೋಡಿದೀನಿ. ದೀಪ ಒಳಗೆ ತಗೊಂಡು ಹೋಗಿ," ಎನ್ನುತ್ತಾರೆ. ಮೈಸೂರಿನಲ್ಲಿ ಪುರೋಹಿತರು ಇನ್ನೂ ಕಾದಿದ್ದಾರೆ. ಮಾನ್ಯಾ ಅಪ್ಪನಿಗೆ ಎಳ್ಳುನೀರು ಬಿಡುವಷ್ಟು ಹೊತ್ತು ಇನಾಯತುಲ್ಲಾ ಬಾಗಿಲ ಹೊರಗೆ ಬರಿಗಾಲಲ್ಲಿ ನಿಂತಿರುತ್ತಾರೆ.

ಹೊರಡುವಾಗ ವೇದಾವತಿ ಗಂಡನ ಕ್ಲಬ್ಬಿನ ಚೀಲ ತಂದುಕೊಡುತ್ತಾರೆ. ಅದರಲ್ಲಿ ನೂರು ಹೊಸ ಖಾಲಿ ತೋಟೆಗಳಿವೆ, ಒಂದೂ ತುಂಬಿಲ್ಲ. ತಳದಲ್ಲಿ ಒಂದು ಪುಟ್ಟ ನೋಟ್‌ಬುಕ್. ಎರಡು ಮದ್ದುಗಳ ಹೆಸರು, ಪಕ್ಕದಲ್ಲಿ ಪ್ರಶ್ನೆಯ ಗುರುತು, ಕೆಳಗೆ ಮೇ ತಿಂಗಳ ತಾರೀಖು ಹಾಕಿ ಕನ್ನಡದಲ್ಲಿ ಎರಡು ಸಾಲು: 'ಇನಾಯತ್ ಭಾಯ್ ಸಿಟ್ಟು ಇಳಿದ ಮೇಲೆ ಕೇಳಬೇಕು. ಅಲ್ಲಿಯವರೆಗೆ ಮುಟ್ಟಬಾರದು.'

ಇನಾಯತುಲ್ಲಾ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ. ಫೋನ್ ಕುಕ್ಕಿದ ಕಥೆಯನ್ನು ಅವರೇ ಹೇಳುತ್ತಾರೆ. ಬಚ್ಚಿಡಬಹುದಿತ್ತು, ಬಚ್ಚಿಡುವುದಿಲ್ಲ. ವೇದಾವತಿ, "ಅವರಿಗೆ ಬೈಸ್ಕೊಂಡು ಅಭ್ಯಾಸ ಇತ್ತು ಭಾಯ್. ನಾನೂ ದಿನಾ ಬೈತಿದ್ದೆ," ಎನ್ನುತ್ತಾರೆ. ಆಮೇಲೆ ಇಬ್ಬರೂ ಅಳುತ್ತಾರೆ, ನಡುವೆ ಎರಡು ಮೀಟರ್ ಜಾಗ ಬಿಟ್ಟುಕೊಂಡು.

ಅಂಗಡಿಯ ಫೋನ್ ಈಗಲೂ ದಿನಕ್ಕೆ ಮೂರು ನಾಲ್ಕು ಸಲ ಅದೇ ಪ್ರಶ್ನೆಗೆ ಬಡಿದುಕೊಳ್ಳುತ್ತದೆ. ಇನಾಯತುಲ್ಲಾ ಈಗಲೂ ಬೇಡ ಎಂದೇ ಹೇಳುತ್ತಾರೆ. ಆದರೆ ಮನೆಯಲ್ಲಿ ಈಗಾಗಲೇ ಏನಿದೆ, ಯಾವ ಡಬ್ಬಿಯಲ್ಲಿದೆ, ನಾನು ಬಂದು ತಗೊಂಡು ಹೋಗಲಾ ಎಂದು ಕೇಳುತ್ತಾರೆ. ಆ ವಾರದಿಂದ ಈಚೆಗೆ ಆರು ಜನ ಹೂಂ ಎಂದಿದ್ದಾರೆ, ಆರೂ ಜನ ಜೀವಂತ ಇದ್ದಾರೆ. ಮುಂದೇನು ಆಸೆ ಎಂದು ಕೇಳಿದರೆ ಹೇಳುತ್ತಾರೆ:

"ಏನಿಲ್ಲ. ಈಗ ಯಾರೇ ಮಾತಾಡ್ಲಿ, ಅವ್ರು ಫೋನ್ ಇಡೋವರ್ಗೂ ನಾನು ಇಡಲ್ಲ."